ಹುಣಸೆಹಣ್ಣಿನಲ್ಲಿ ತೊಳೆದ ನೀಲಿ

ಮನೆಯೊಳಗೆ ಯೋಗಾನರಸಿಂಹ ಮಾತಾಡುವುದು ಅಪರೂಪ. ಮಂಡ್ಯದ ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು. ಅಲ್ಲಿ ಗಂಟೆಗಟ್ಟಲೆ ಮಾತಾಡುತ್ತಾನೆಂದು ಕೇಳಿದವರು ಹೇಳುತ್ತಿದ್ದರು. ಆದರೆ ಹೊಸ್ತಿಲು ದಾಟಿ ಒಳಗೆ ಬಂದನೆಂದರೆ ಚಪ್ಪಲಿಯ ಜೊತೆಗೆ ಮಾತನ್ನೂ ಹೊರಗೇ ಬಿಟ್ಟು ಬಂದ ಹಾಗೆ. ನಡುಮನೆಯಲ್ಲಿ ತಂದೆ ಚಲುವನಾರಾಯಣ ಅಯ್ಯಂಗಾರರು ಕೂತಿರುತ್ತಿದ್ದರು. ಶೇಕದಾರರಾಗಿದ್ದು ನಿವೃತ್ತರಾದವರು. ಊರೂರು ಸುತ್ತಿ ಕಂದಾಯಕ್ಕಾಗಿ ಗದರಿಸಿ ಗದರಿಸಿ ಅವರ ಗಂಟಲು ಹಾಗೆಯೇ ನಿಂತುಬಿಟ್ಟಿತ್ತು. ಅವರೆದುರು ಮಗ ‘ಹೂಂ’, ‘ಆಗಲಿ’ ಎಂಬೆರಡು ಮಾತಿನಲ್ಲೇ ದೊಡ್ಡವನಾಗಿದ್ದ. ಹೆಂಡತಿಯೊಡನೆ ಮಾತಾಡುವುದಂತೂ ದೂರವೇ ಉಳಿಯಿತು. ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ. ಹಿರಿಯರಿಲ್ಲದ ಜಾಗವೂ ಆ ಮನೆಯಲ್ಲಿರಲಿಲ್ಲ.

ಮಳವಳ್ಳಿಯಿಂದ ಮದುವೆಯಾಗಿ ಬಂದ ಕನಕಲಕ್ಷ್ಮಿ, ಮೊದಲ ವರ್ಷವೆಲ್ಲ, ತಾನು ಗಂಡನಿಗೆ ಒಪ್ಪಿಗೆಯಾಗಿಲ್ಲವೆಂದೇ ತಿಳಿದಿದ್ದಳು. ಆಮೇಲೆ ಕಾರು ಬಂತು.

ಅದು ಇಂಗ್ಲೆಂಡಿನ ರೈಲಿ ಕಾರು, ೧೯೪೯ರಲ್ಲಿ ತಯಾರಾದದ್ದು. ಹಲಗೂರಿನ ಹತ್ತಿರ ಒಬ್ಬ ಕಂಟ್ರಾಕ್ಟರನ ಕೊಟ್ಟಿಗೆಯಲ್ಲಿ ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆಯಿಡುತ್ತಿದ್ದವು. ಯೋಗಾನರಸಿಂಹ ಮನೆಯಲ್ಲಿ ಯಾರನ್ನೂ ಕೇಳದೆ ಅದನ್ನು ಕೊಂಡುಬಿಟ್ಟ. ಮದ್ದೂರಿನ ಮೆಕ್ಯಾನಿಕ್ ವಹಾಬ್ ಒಂದು ಬೇಸಿಗೆಯೆಲ್ಲ ಅದರ ಕೆಳಗೆ ಮಲಗಿ ಎದ್ದು, ಕೊನೆಗೆ ಓಡುವಂತೆ ಮಾಡಿದ. ಕಪ್ಪು ಮೈ, ಉದ್ದ ಮೂತಿ, ತಗಡಿನ ಮೇಲೆ ಕಪ್ಪು ಬಟ್ಟೆ ಹೊದಿಸಿದ ನೆತ್ತಿ. ರೇಡಿಯೇಟರಿನ ಹಣೆಯಲ್ಲಿ ವಜ್ರದಾಕಾರದ ಒಂದು ಬಿಲ್ಲೆ. ಬಿಲ್ಲೆಯ ಮೂಲ ಬಣ್ಣ ಉದುರಿ ಅಂಚಿನಲ್ಲಷ್ಟೇ ಉಳಿದಿತ್ತು. ಅದನ್ನೇ ನೋಡಿಕೊಂಡು ವಹಾಬ್ ಸಣ್ಣ ಕುಂಚದಲ್ಲಿ ಕಡುನೀಲಿ ತುಂಬಿಕೊಟ್ಟಿದ್ದ.

ಅಯ್ಯಂಗಾರರು ಕಾರಿನ ಸುತ್ತ ಒಂದು ಸುತ್ತು ಬಂದು, “ಬಾಡಿಗೆಗೆ ಬಿಡ್ತೀಯೇನು?” ಎಂದು ಕೇಳಿ ಒಳಗೆ ಹೋದರು. ಮತ್ತೆ ಅದರ ಹತ್ತಿರ ಸುಳಿಯಲಿಲ್ಲ.

ತವರಿಗೆ ಹೋಗುವಾಗ ಕನಕಲಕ್ಷ್ಮಿ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಊರ ಹೊರಗೆ ನಾಲೆಯ ಸೇತುವೆ ದಾಟಿದ ಮೇಲೆ ಕಾರು ನಿಲ್ಲುತ್ತಿತ್ತು. ಅವಳು ಇಳಿದು, ಆಚೀಚೆ ನೋಡಿ, ಮುಂದೆ ಬಂದು ಕೂರುತ್ತಿದ್ದಳು. ಆಗ ಅವನು ಮಾತು ಶುರು ಮಾಡುತ್ತಿದ್ದ.

ಮೊದಮೊದಲು ಕಾರಿನ ಮಾತೇ. ರಿಬ್ಬನ್ ನೇಯುವ ಕಸುಬಿನ ರೈಲಿ ಮನೆತನ ಸೈಕಲ್ ಕಂಪನಿ ಕೊಂಡದ್ದು, ಅಪ್ಪನಿಗೆ ಮೋಟಾರು ಕಂಡರಾಗದೆ ಮಗ ಕದ್ದುಮುಚ್ಚಿ ಮೊದಲ ಕಾರು ಮಾಡಿದ್ದು. ಯುದ್ಧ ಮುಗಿದ ಮೇಲೆ ಈ ಮಾದರಿ ಹುಟ್ಟಿದ್ದು. ಸಣ್ಣ ಇಂಜಿನ್ನಿನದಕ್ಕೆ ಕಡುನೀಲಿ ಬಿಲ್ಲೆ, ದೊಡ್ಡದಕ್ಕೆ ತಿಳಿನೀಲಿ. ಐವತ್ತೆರಡರಲ್ಲಿ ಬ್ರೇಕು ಬದಲಾಯಿತು, ಹಿಂದಿನ ಗಾಜು ದೊಡ್ಡದಾಯಿತು. ಆಮೇಲೆ ಪಕ್ಕದ ಮೆಟ್ಟಿಲು ಹೋಯಿತು. ಐವತ್ತೈದಕ್ಕೆ ಈ ವಂಶವೇ ಮುಗಿಯಿತು. ಅರವತ್ತೊಂಬತ್ತರಲ್ಲಿ ರೈಲಿ ಎಂಬ ಹೆಸರನ್ನೇ ನಿಲ್ಲಿಸಿದರು ಎಂದು ಹೇಳುವಾಗ ಅವನ ದನಿ, ಸತ್ತ ನೆಂಟರ ಸುದ್ದಿ ಹೇಳುವವರ ಹಾಗೆ ಇಳಿಯುತ್ತಿತ್ತು. ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡು ಮಳವಳ್ಳಿಯ ದಾರಿ ಹಿಡಿಯುವಷ್ಟರಲ್ಲಿ ಮಾತು ಬೇರೆ ಕಡೆ ತಿರುಗಿರುತ್ತಿತ್ತು. ಓದಬೇಕೆಂದಿದ್ದು ಓದದೇ ಹೋದದ್ದು, ಚಿಕ್ಕಂದಿನಲ್ಲಿ ಬಾವಿಕಟ್ಟೆಯ ಮೇಲೆ ಒಬ್ಬನೇ ಕೂತಿರುತ್ತಿದ್ದದ್ದು, ಹೆಣ್ಣು ನೋಡಲು ಬಂದ ದಿನ ಅವಳು ಲೋಟ ಕೊಡುವಾಗ ನಕ್ಕದ್ದು. ಇದನ್ನೆಲ್ಲ ಅವನು ರಸ್ತೆಯ ಕಡೆ ನೋಡಿಕೊಂಡೇ ಹೇಳುತ್ತಿದ್ದ. ಎದುರು ಬದುರಾಗಿ ಕೂತಿದ್ದರೆ ಹೇಳುತ್ತಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು. ವಾಪಸು ಬರುವಾಗ ಸೇತುವೆ ಕಂಡೊಡನೆ ಇಬ್ಬರೂ ಸುಮ್ಮನಾಗುತ್ತಿದ್ದರು.

ಎಪ್ಪತ್ತನಾಲ್ಕರಲ್ಲಿ ಪೆಟ್ರೋಲಿನ ಬೆಲೆ ಕೇಳಿದವರೆಲ್ಲ ಹೌಹಾರುತ್ತಿದ್ದ ಕಾಲ. ಊಟಕ್ಕೆ ಕೂತಾಗ ಅಯ್ಯಂಗಾರರು, ಆನೆ ಸಾಕುವ ಯೋಗ್ಯತೆ ನಮಗಿಲ್ಲ, ಮದ್ದೂರಿನ ಬೆಲ್ಲದ ಮಂಡಿ ನಜೀರ್ ಅಹ್ಮದ್ ಬಹಳ ದಿನದಿಂದ ಕೇಳುತ್ತಿದ್ದಾನೆ, ಭಾನುವಾರ ಬರಲು ಹೇಳಿದ್ದೇನೆ ಎಂದರು. ಮಗ ಎಲೆಯ ಮೇಲಿನ ಅನ್ನವನ್ನು ಕಲೆಸುತ್ತಲೇ ಇದ್ದ.

“ಆಗಲಿ,” ಎಂದ.

ಬಡಿಸುತ್ತಿದ್ದ ಕನಕಲಕ್ಷ್ಮಿಯ ಕೈಯಲ್ಲಿ ಸೌಟು ನಿಂತಿತು. ಕಾರು ಹೋದರೆ ಹೋಗುವುದು ಕಾರೊಂದೇ ಅಲ್ಲ. ಆದರೆ ಅದನ್ನು ಯಾರಿಗೆ ಹೇಳುವುದು, ಏನೆಂದು ಹೇಳುವುದು? ನನ್ನ ಗಂಡ ನನ್ನೊಡನೆ ಮಾತಾಡುವ ಕೋಣೆಯನ್ನು ಮಾರಬೇಡಿ ಎಂದು ಸೊಸೆಯಾದವಳು ಮಾವನಿಗೆ ಹೇಳಲಾದೀತೇ?

ಭಾನುವಾರ ಊಟವಾದ ಮೇಲೆ ಅತ್ತೆ ಪಂಕಜಮ್ಮ, ಕೊಟ್ಟಿಗೆಯ ಹಸುವನ್ನು ಕೊಡುವಾಗಲೂ ಮೈ ತೊಳೆದು ಕುಂಕುಮವಿಟ್ಟೇ ಕಳಿಸುವುದು, ಇದೂ ಇಷ್ಟು ದಿನ ಬಾಗಿಲಲ್ಲಿ ನಿಂತಿತ್ತಲ್ಲ ಎಂದರು. ಕನಕಲಕ್ಷ್ಮಿ ಸೆರಗು ಸಿಕ್ಕಿಸಿ ಬಕೆಟ್ಟು ಹಿಡಿದು ಹೋದಳು. ಗಾಜು ಒರೆಸಿದಳು, ದೀಪ ಒರೆಸಿದಳು. ಬಿಲ್ಲೆಯ ಅಂಚಿನ ಹಿತ್ತಾಳೆ ಕಪ್ಪಾಗಿತ್ತು. ಹಿತ್ತಾಳೆಗೆ ಏನು ಮಾಡಬೇಕೆಂಬುದು ಅವಳ ಕೈಗೇ ಗೊತ್ತಿತ್ತು. ದೇವರ ದೀಪಗಳನ್ನು ಬೆಳಗುವ ಹಾಗೆ ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ತಂದು ತಿಕ್ಕತೊಡಗಿದಳು. ಕಣ್ಣು ತುಂಬಿದ್ದರಿಂದ ಕೈ ಏನು ಮಾಡುತ್ತಿದೆಯೆಂದು ಕಾಣಲಿಲ್ಲ. ನೀರು ಹಾಕಿದಾಗ ಬಿಲ್ಲೆ ಬಂಗಾರದ ಹಾಗೆ ಹೊಳೆಯಿತು. ನೀಲಿಯೆಲ್ಲ ಅವಳ ಅಂಗೈಯಲ್ಲಿತ್ತು.

ಹಿಂದೆ ಯೋಗಾನರಸಿಂಹ ನಿಂತಿದ್ದ. ಬಿಲ್ಲೆ ನೋಡಿದ, ಅವಳ ಕೈ ನೋಡಿದ. ಒಂದು ಮಾತಾಡಿದ್ದರೆ, ಬೈದಿದ್ದರೂ, ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ಹೆಗಲ ಮೇಲಿನ ಟವೆಲನ್ನು ಅವಳ ಕೈಗಿತ್ತು ಒಳಗೆ ಹೋದ.

ನಜೀರ್ ಅಹ್ಮದ್ ಅತ್ತರಿನ ಪರಿಮಳದೊಡನೆ ಬಂದಿಳಿದರು. ಕಾರನ್ನು ಸವರಿ, ತಟ್ಟಿ, ಮುಂದೆ ಬಂದವರು ಬಿಲ್ಲೆಯ ಎದುರು ನಿಂತುಬಿಟ್ಟರು. ಬೆಂಗಳೂರಿನ ಅವರ ಭಾವಮೈದ ಬಣ್ಣ ನೋಡಿಯೇ ತಗೋ ಎಂದಿದ್ದನಂತೆ. ಕಡುನೀಲಿಯಾದರೆ ಸಣ್ಣ ಇಂಜಿನ್ನು, ಸಾಕಬಹುದು. ತಿಳಿನೀಲಿಯಾದರೆ ಪೆಟ್ರೋಲು ಹೀರಿ ಮನೆ ತೊಳೆಯುತ್ತದೆ ಎಂದು.

“ಕಾಗದ ಇದೆ, ನೋಡಿ,” ಎಂದರು ಅಯ್ಯಂಗಾರರು.

“ಕಾಗ್ದ ಬುಡಿ ಸ್ವಾಮಿ, ಇಂಜಿನ್ ಬದ್ಲಾಯ್ಸಿರೋ ಗಾಡಿ ಬೇಕಾದಷ್ಟು ನೋಡಿವ್ನಿ. ನಾನು ಮಂಡಿಯೋನು. ಬೆಲ್ಲ ಆದ್ರೆ ಮುರ್ದು ಬಾಯಿಗಾಕ್ಕಂಡು ಏಳ್ಬುಡ್ತೀನಿ. ಇದನ್ನ ಎಂಗೆ ನೆಕ್ಕಿ ನೋಡ್ಲಿ? ನಾನು ಬರೋ ದಿನಾನೇ ಬಣ್ಣ ತೆಗ್ದಿದೀರಲ್ಲ, ಅದ್ಯಾಕೆ?”

ಅಯ್ಯಂಗಾರರ ಮುಖ ಕೆಂಪಾಯಿತು. ಜೀವಮಾನದಲ್ಲಿ ಯಾರೂ ಅವರ ಮೇಲೆ ಮೋಸದ ಮಾತೆತ್ತಿರಲಿಲ್ಲ. ಮಗನ ಕಡೆ ತಿರುಗಿ, “ಹೇಳಪ್ಪ,” ಎಂದರು. ಯೋಗಾನರಸಿಂಹ ಬಾಯಿ ತೆರೆದ. ತಂದೆಯ ಮುಖ ನೋಡಿದೊಡನೆ ಗೊತ್ತಿದ್ದದ್ದನ್ನೆಲ್ಲ ಬಿಟ್ಟು ಬಿಲ್ಲೆಯ ಕಡೆ ಕಣ್ಣು ತಿರುಗಿಸಿದ. ಮೋಸ ಬಯಲಾದವನ ಹಾಗೆಯೇ ಕಾಣುತ್ತಿದ್ದ.

ಸುಮ್ಮನಿದ್ದರೆ ಕಾರು ಉಳಿಯುತ್ತಿತ್ತು. ಬಾಗಿಲ ಮರೆಯಲ್ಲಿದ್ದ ಕನಕಲಕ್ಷ್ಮಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೂ ಗಂಡ ಹಾಗೆ ನಿಂತಿದ್ದನ್ನು ಅವಳಿಗೆ ನೋಡಲಾಗಲಿಲ್ಲ. ಜಗಲಿಗೆ ಬಂದಳು.

“ಬಣ್ಣ ತೆಗೆದೋಳು ನಾನು. ಹುಣಸೆಹಣ್ಣಲ್ಲಿ ತಿಕ್ಕಿಬಿಟ್ಟೆ, ಗೊತ್ತಾಗಲಿಲ್ಲ. ಅದು ಕಡುನೀಲೀನೇ ಇತ್ತು.” ಅಂಗೈ ತೋರಿಸಿದಳು; ನೀಲಿ ಇನ್ನೂ ಹೋಗಿರಲಿಲ್ಲ. ಶುರುವಾದ ಮಾತು ನಿಲ್ಲಲಿಲ್ಲ. ದೊಡ್ಡ ಇಂಜಿನ್ನಿನದಾದರೆ ಮೂತಿ ಇನ್ನೂ ಉದ್ದವಿರುತ್ತದೆ. ಇದಕ್ಕೆ ಮುಂದಿನ ಬ್ರೇಕಿಗೆ ಎಣ್ಣೆ, ಹಿಂದಿನದಕ್ಕೆ ಕಂಬಿ, ಐವತ್ತೆರಡರ ಮೇಲಿನದಾಗಿದ್ದರೆ ನಾಲ್ಕಕ್ಕೂ ಎಣ್ಣೆ. ಹಿಂದಿನ ಗಾಜು ಚಿಕ್ಕದು, ನೋಡಿ. ರಿಬ್ಬನ್ ನೇಯುವವರ ಮನೆಯಿಂದ ಹಿಡಿದು ಹೆಸರು ನಿಂತ ವರ್ಷದವರೆಗೆ ಅವಳು ಹೇಳಿದಳು. ದನಿಯ ಏರಿಳಿತ ಕೂಡ ಗಂಡನದೇ. ಯೋಗಾನರಸಿಂಹ ಅವಳನ್ನೇ ನೋಡುತ್ತಿದ್ದ.

ಅಯ್ಯಂಗಾರರು ಜಗಲಿಯ ಕಂಬ ಹಿಡಿದು ಕೂತರು.

“ಇದನ್ನೆಲ್ಲ ನಿನಗೆ ಯಾರಮ್ಮ ಹೇಳಿದ್ದು?”

“ಇವರೇ. ಕಾರಲ್ಲಿ ಹೋಗ್ತಾ.”

“ಇವನಾ? ಇಷ್ಟು ಮಾತು?” ಕಾರಿನ ಕಡೆ ನೋಡಿದರು. “ಆ ಹುಡುಗ ಕದ್ದುಮುಚ್ಚಿ ಕಾರು ಮಾಡಿದ ಅಂದೆಯಲ್ಲ. ಅವರಪ್ಪನಿಗೆ ಅದು ಯಾಕೆ ಆಗ್ತಿರಲಿಲ್ಲವಂತೆ?”

“ಅದು ಕಾರಿನ ಪುಸ್ತಕದಲ್ಲಿಲ್ಲವಂತೆ, ಮಾವ. ಕೇಳೋ ಧೈರ್ಯ ಮಗನಿಗೆ ಇದ್ದಿರಲಾರದು ಅಂತಾರೆ ಇವರು.”

ಅಯ್ಯಂಗಾರರು ಮಗನ ಕಡೆ ನೋಡಲಿಲ್ಲ, ಮಗ ಅವರ ಕಡೆ ನೋಡಲಿಲ್ಲ. ನಜೀರ್ ಅಹ್ಮದರು ಕೆಮ್ಮಿ, ತಾಯಿ ಇಷ್ಟು ಹೇಳಿದ ಮೇಲೆ ಅನುಮಾನವಿಲ್ಲ, ಇವತ್ತೇ ಮುಗಿಸೋಣ ಎಂದರು.

“ಇವತ್ತು ಬೇಡ ಸಾಹೇಬರೇ,” ಎಂದರು ಅಯ್ಯಂಗಾರರು. “ಇನ್ನೇನು ರಾಹುಕಾಲ ಬಂತು.”

“ಆಗ್ಲಿ ಬುಡಿ, ಮುಂದಿನ ಭಾನುವಾರ ಬತ್ತೀನಿ.”

“ಮುಂದಿನ ಭಾನುವಾರಾನೂ ರಾಹುಕಾಲ ಇದೆಯಲ್ಲ.”

ನಜೀರ್ ಅಹ್ಮದರು ಅಪ್ಪನನ್ನೂ ಮಗನನ್ನೂ ಜಗಲಿಯ ಸೊಸೆಯನ್ನೂ ಒಂದೊಂದಾಗಿ ನೋಡಿದರು. ಗಡ್ಡ ನೀವಿಕೊಂಡು ನಕ್ಕರು. “ಅಂಗಾದ್ರೆ ಕಾಫಿ ಆದ್ರೂ ಕೊಡ್ಸಿ ಸ್ವಾಮಿ. ಅದಕ್ಕೆ ರಾಹುಕಾಲ ಇಲ್ಲ ತಾನೆ?”

ಮರುವಾರ ಮಳವಳ್ಳಿಗೆ ಹೊರಟರು. ದಾರಿಯಲ್ಲಿ ವಹಾಬನ ಹತ್ತಿರ ಬಿಲ್ಲೆಗೆ ಬಣ್ಣ ಹಾಕಿಸುವುದಿತ್ತು. ಕನಕಲಕ್ಷ್ಮಿ ಎಂದಿನಂತೆ ಹಿಂದಿನ ಬಾಗಿಲು ತೆಗೆದು ಕೂತಳು. ಅಯ್ಯಂಗಾರರು ಗೇಟಿನವರೆಗೆ ಬಂದು ಕಿಟಕಿಗೆ ಬಗ್ಗಿದರು.

“ಮುಂದೆ ಕೂತ್ಕೋಬಾರದೇನಮ್ಮ? ಅವನು ಹಿಂದೆ ತಿರುಗಿ ತಿರುಗಿ ಮಾತಾಡ್ತಾ ಯಾವುದಾದ್ರೂ ಎತ್ತಿನಗಾಡಿಗೆ ಗುದ್ದಿಯಾನು.” ಅದೇ ಗದರಿಕೆಯ ದನಿ. ಹಾಗೆಂದು ಉತ್ತರಕ್ಕೆ ಕಾಯದೆ ತಿರುಗಿ ಒಳಗೆ ಹೋದರು.

ಬೀದಿಯ ಜನರೆಲ್ಲ ನೋಡುತ್ತಿದ್ದಂತೆ ಅವಳು ಇಳಿದು ಮುಂದೆ ಬಂದು ಕೂತಳು. ಕಾರು ಹೊರಟಿತು. ನಾಲೆಯ ಸೇತುವೆ ದಾಟಿದೊಡನೆ ಅವನ ಕಾಲು ತಾನೇ ತಾನಾಗಿ ಬ್ರೇಕಿನ ಮೇಲೆ ಹೋಯಿತು. ಕಾರು ನಿಂತಿತು.

“ಯಾಕೆ ನಿಲ್ಲಿಸಿದ್ರಿ?” ಎಂದಳು.

ಅವನು ಈ ಸಲ ರಸ್ತೆಯ ಕಡೆ ನೋಡುತ್ತಿರಲಿಲ್ಲ.