ಹಸಿದ ಮಗಳಿಗೆ ವಿಧಿಸಿದ ಉಪವಾಸ

ಆ ಕಾಲೇಜು ಹಾಸ್ಟೆಲಿನ ಹುಡುಗಿಯರು ತಮ್ಮ ಊಟದ ಕ್ರಮಕ್ಕೆ ‘ಸೊನ್ನೆ-ಸೊನ್ನೆ-ಒಂದು’ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ. ರಾತ್ರಿ ತಣ್ಣೀರಿನಲ್ಲಿ ನೆನೆಸಿದ ಗಾರಿ, ಅಂದರೆ ಮರಗೆಣಸಿನ ಹುರಿದ ತರಿ. ಹೀಗೆ ಬದುಕುವವಳು ಗಟ್ಟಿಗಿತ್ತಿ. ಮೂರು ಹೊತ್ತು ಉಣ್ಣುವವಳನ್ನು ‘ಓದೋಕೆ ಬಂದ್ಯೋ, ಮದುವೆ ಊಟಕ್ಕೆ ಬಂದ್ಯೋ’ ಎಂದು ಛೇಡಿಸುತ್ತಿದ್ದರು. ಹಸಿವೇ ಶೌರ್ಯವೆಂಬ ಈ ಮೂಢತನವನ್ನು ಯಾವ ಪಠ್ಯವೂ ಕಲಿಸಿರಲಿಲ್ಲ. ಹಿರಿಯ ವಿದ್ಯಾರ್ಥಿನಿಯರು ಕಿರಿಯರಿಗೆ ದಾಟಿಸಿದ್ದರು.

ದೂರದ ಉರೋಮಿ ಪಟ್ಟಣದ ಸಂತೆಯಲ್ಲಿ ಬಟ್ಟೆ ಮಾರುವ ಇಯೋಬೊಸಾಳಿಗೆ ಇದೊಂದೂ ತಿಳಿದಿರಲಿಲ್ಲ. ಆ ಹಾಸ್ಟೆಲಿನಲ್ಲಿದ್ದ ಮಗಳು ಇವಿಯೆ ಫೋನಿನಲ್ಲಿ, ನಿದ್ದೆ ಬರುವುದಿಲ್ಲ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಎಂದಿದ್ದಳು. ಯಾರೋ ಮಾಟ ಮಾಡಿಸಿದ್ದಾರೆಂದು ತಾಯಿ ತೀರ್ಮಾನಿಸಿದಳು. ಚರ್ಚಿನ ಪಾಸ್ಟರನ್ನು ಕೇಳಿ, ಒಂದು ವಾರ ಹಗಲೆಲ್ಲ ನೀರನ್ನೂ ಮುಟ್ಟದ ಉಪವಾಸ ಹಿಡಿಯುವಂತೆ ಮಗಳಿಗೆ ಹೇಳಿದಳು. ಇವಿಯೆ ರಾತ್ರಿಯ ಗಾರಿಯನ್ನೂ ಬಿಟ್ಟಳು. ಪರೀಕ್ಷಾ ಕೊಠಡಿಯಲ್ಲಿ ಕುಸಿದು ಬಿದ್ದಳು.

ಪಾಸ್ಟರ್ ಪ್ರಾರ್ಥಿಸಿ ಕೊಟ್ಟ ಅಭಿಷೇಕದ ಎಣ್ಣೆಯ ಶೀಶೆ ಹಿಡಿದು ತಾಯಿ ಆಸ್ಪತ್ರೆಗೆ ಧಾವಿಸಿದಳು. ಮಗಳ ಕೈಯಲ್ಲಿ ಡ್ರಿಪ್ಪಿನ ಸೂಜಿಯಿತ್ತು. ಪಕ್ಕದಲ್ಲಿ ನರ್ಸ್ ಎಡುಗಿಯೆ ನಿಂತಿದ್ದಳು.

“ಸಿಸ್ಟರ್, ಇದು ನಿಮ್ಮ ಆಸ್ಪತ್ರೆ ಕಾಯಿಲೆ ಅಲ್ಲ. ಉಪವಾಸ ಇನ್ನೂ ಮುಗಿದಿಲ್ಲ, ಇದನ್ನ ತೆಗೀರಿ.”

“ಉಪವಾಸ ಹಿಡಿಯೋಕೆ ಮೊದಲು ಊಟ ಮಾಡಿರಬೇಕಲ್ವಾ ಅಮ್ಮ? ನಿಮ್ಮ ಮಗಳು ತಿಂಗಳುಗಟ್ಟಲೆ ಸರಿಯಾಗಿ ಉಂಡೇ ಇಲ್ಲ.”

ಅಕ್ಕಿ, ಅಲಸಂದೆ, ಗೆಣಸು ಎಲ್ಲವನ್ನೂ ತಾನು ಕಳಿಸಿದ್ದೇನೆಂದು ತಾಯಿ ಸಿಟ್ಟಾದಳು. ಬೇಯಿಸಲು ಎದ್ದು ನಿಲ್ಲುವುದಕ್ಕೂ ಮನಸ್ಸಾಗುತ್ತಿರಲಿಲ್ಲ ಎಂದು ಇವಿಯೆ ಮೆಲ್ಲಗೆ ಹೇಳಿದಳು.

ಹಸಿವು ನಿದ್ದೆ ಕೆಡಿಸುತ್ತದೆ, ಕುಗ್ಗಿದ ಮನಸ್ಸು ಹಸಿವನ್ನೇ ಕೊಲ್ಲುತ್ತದೆ, ಒಂದು ಇನ್ನೊಂದನ್ನು ಕೆಳಕ್ಕೆ ತಳ್ಳುತ್ತದೆ ಎಂದು ನರ್ಸ್ ಬಿಡಿಸಿ ಹೇಳಿದಳು. “ಊಟ ಒಂದರಿಂದಲೇ ಮನಸ್ಸಿನ ಕಾಯಿಲೆ ವಾಸಿಯಾಗಲ್ಲ, ಡಾಕ್ಟರೂ ಬೇಕು. ಆದ್ರೆ ಹಸಿದ ಮೈಗೆ ಅದರ ಜೊತೆ ಹೋರಾಡೋ ಶಕ್ತಿ ಇರಲ್ಲ.”

“ನಾನೂ ಹಸ್ಕೊಂಡೇ ಬೆಳೆದವಳು. ನನಗೇನಾಯ್ತು?”

ನರ್ಸ್ ಹುಡುಗಿಯ ಕಡೆ ಬಾಗಿ, ಬದುಕೋದು ಬೇಡ ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿದಳು. ಅಂಥ ಮಾತು ಆಡಬೇಡಿರೆಂದು ತಾಯಿ ಅಡ್ಡ ಬಂದಳು. ಇವಿಯೆ ಗೋಡೆಯ ಕಡೆ ಮುಖ ತಿರುಗಿಸಿದಳು.

“ಉಪವಾಸ ಮಾಡಿದ್ದು ದೇವರಿಗೆ ಅಂತಲ್ಲಮ್ಮ. ಹೀಗೇ ಮುಗಿದುಹೋದ್ರೆ ಸಾಕು ಅಂತ.”

ತಾಯಿ ಎಣ್ಣೆಯ ಶೀಶೆಯನ್ನು ಪಕ್ಕಕ್ಕಿಟ್ಟಳು. ತನ್ನ ಆಜ್ಞೆಯನ್ನೇ ಮಗಳು ಸಾಯುವ ದಾರಿಯಾಗಿ ಹಿಡಿದಿದ್ದಳು. ಆಕೆ ಪಾಸ್ಟರಿಗೆ ಫೋನ್ ಮಾಡಿದಳು.

“ಪಾಸ್ಟರ್, ನನ್ನ ಮಗಳ ಉಪವಾಸ ನಾನೇ ಮುರೀತಿದ್ದೀನಿ. ಪಾಪ ಇದ್ರೆ ನನ್ನ ತಲೆ ಮೇಲಿರಲಿ.”

“ಪ್ರಾರ್ಥನೆ ಬಿಡಿ ಅಂತ ನಾವು ಹೇಳಲ್ಲ,” ಎಂದಳು ನರ್ಸ್. “ಉಣ್ಣಿಸಿ ಪ್ರಾರ್ಥಿಸಿ. ಅವಳನ್ನ ಒಂಟಿಯಾಗಿ ಬಿಡಬೇಡಿ.”

ಅಂದು ಇವಿಯೆ ಕುಡಿದದ್ದು ಕೆಲವೇ ಚಮಚ ಜೋಳದ ಗಂಜಿ. ಮನೋವೈದ್ಯರ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಿತು. ಒಂದು ವರ್ಷದ ಓದು ಹೋಯಿತು. ಇಂದಿಗೂ ಕೆಲವು ಬೆಳಗುಗಳಲ್ಲಿ ಅವಳು ಹಾಸಿಗೆ ಬಿಟ್ಟು ಏಳಲಾರಳು. ಆಗ ತಾಯಿ ಅಂಗಡಿ ಮುಚ್ಚಿ ಪಕ್ಕದಲ್ಲಿ ಕೂರುತ್ತಾಳೆ.

ಓದುವ ಮಕ್ಕಳಿರುವ ತಂದೆತಾಯಿಗಳೇ, ಅಂಕ ಕೇಳುವ ಮೊದಲು ಊಟವಾಯಿತೇ, ನಿದ್ದೆ ಬಂತೇ ಎಂದು ಕೇಳಿರಿ. ವಿದ್ಯಾರ್ಥಿಗಳೇ, ಉಣ್ಣುವ ಗೆಳತಿಯನ್ನು ಹಂಗಿಸಬೇಡಿರಿ. ಉಣ್ಣದವಳನ್ನು ಕೈಹಿಡಿದು ಊಟಕ್ಕೆ ಕರೆದೊಯ್ಯಿರಿ. ಮಂಕಾದ ಮಗುವಿಗೆ ಬದುಕು ಬೇಡವೆನಿಸುತ್ತಿದೆಯೇ ಎಂದು ಕೇಳಲು ಅಂಜಬೇಡಿರಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟಿಬಿಡುವುದಿಲ್ಲ. ಹೌದೆಂದರೆ ಬೈಯದೆ, ಅಂದೇ ವೈದ್ಯರಲ್ಲಿಗೆ ಜೊತೆಯಲ್ಲಿ ಹೋಗಿರಿ. ನಾಳೆಗೆ ಬಿಡಬೇಡಿರಿ.