ಇನ್ನೊಂದ್ಸಲ

"ಎಡಕ್ಕೆ ತಿರುಗಿಸ್ರೋ, ಗೋಡೆಗೆ ತಾಗುತ್ತೆ!"

"ನಿನ್ನ ಎಡವೋ ನನ್ನ ಎಡವೋ?" ಪೆಟ್ಟಿಗೆಯ ತಲೆಭಾಗ ಹಿಡಿದಿದ್ದ ಕ್ಷೌರಿಕ ಮೇಲಿನ ಮೆಟ್ಟಿಲಿನಿಂದ ಏದುಸಿರು ಬಿಡುತ್ತ ಕೇಳಿದ.

"ಇಬ್ಬರದ್ದೂ ಬೇಡ, ಯಜಮಾನ್ರ ಎಡ," ಎಂದ ಕೆಳಗಿದ್ದ ಬಸ್ ಡ್ರೈವರ್.

"ಇಷ್ಟು ವರ್ಷ ಬಸ್ ಓಡಿಸಿದೀಯ, ಒಂದು ಪೆಟ್ಟಿಗೆ ತಿರುಗಿಸೋಕೆ ಬರಲ್ಲ ನಿಂಗೆ."

ಮೆಟ್ಟಿಲು ತೀರಾ ಕಿರಿದು. ಮೇಲೆ ಎರಡು ಕೋಣೆಯ ಮನೆ, ಕೆಳಗೆ ಕೋಲಿನಿಂದ ಬಾಲ್ ಹೊಡೆದು ಆಡುವ, ಒಂದೇ ಟೇಬಲ್ಲಿನ ಪೂಲ್ ಅಂಗಡಿ. ನಲವತ್ತು ವರ್ಷ ದಿನಕ್ಕೆ ಹತ್ತು ಸಲ ಇಳಿದ ಮೆಟ್ಟಿಲನ್ನು ಅಪ್ಪ ಇಂದು ಪೆಟ್ಟಿಗೆಯೊಳಗೆ ಮಲಗಿ ನಾಲ್ವರ ಕೈಯಲ್ಲಿ ಇಳಿಯುತ್ತಿದ್ದ. ಹಿಂದೆ ಮಗಳು ಅವನ ಚಪ್ಪಲಿ ಹಿಡಿದುಕೊಂಡು ಬಂದಳು. ಯಾಕೆ ಹಿಡಿದಿದ್ದಾಳೆಂದು ಅವಳಿಗೇ ಗೊತ್ತಿರಲಿಲ್ಲ.

ಗಾಡಿ ಇನ್ನೂ ಬಂದಿರಲಿಲ್ಲ. ಅಂಗಡಿಯ ನಡುವೆ ನಾಲ್ವರೂ ಪೆಟ್ಟಿಗೆ ಹೊತ್ತು ನಿಂತರು.

"ಇಳಿಸೋಣ, ಕೈ ಬಿದ್ದು ಹೋಗ್ತಿದೆ," ಎಂದ ಬಲ್ಬ್ ಅಂಗಡಿಯವನು.

ಇಳಿಸಲು ಇದ್ದದ್ದು ಒಂದೇ ಜಾಗ, ಹೊದಿಕೆ ಹೊದ್ದ ಪೂಲ್ ಟೇಬಲ್. ಎಲ್ಲರೂ ಅದನ್ನು ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾನಂತೂ ಇಡಲ್ಲಪ್ಪ," ಎಂದ ಡ್ರೈವರ್. "ಒಂದ್ಸಲ ಟೀ ಲೋಟ ಇಟ್ಟಿದ್ದಕ್ಕೆ ಮೂರು ವಾರ ಮಾತು ಬಿಟ್ಟಿದ್ರು."

ಬಾಗಿಲಲ್ಲಿ ಅಳುತ್ತಿದ್ದ ಅತ್ತೆಗೆ ಅಳುವಿನ ನಡುವೆಯೇ ನಗು ಬಂತು. "ಅವನು ಟೇಬಲ್‌ಗೆ ಕೊಟ್ಟ ಮರ್ಯಾದೆ ಒಡಹುಟ್ಟಿದ ತಂಗಿಗೆ ಕೊಡ್ಲಿಲ್ಲ ನೋಡು."

ಪೆಟ್ಟಿಗೆ ಇಳಿಸಲು ಮಗಳು ಕುರ್ಚಿಗಳನ್ನು ಎಳೆದು ಎದುರುಬದುರು ಇಟ್ಟಳು. ಬಗ್ಗಿದಾಗ ಕಣ್ಣು ತಾನಾಗಿ ಕಿಟಕಿಯ ಕಡೆಯ ಟೇಬಲ್ ಕಾಲಿನ ಬುಡಕ್ಕೆ ಹೋಯಿತು. ಕಾಲಿಗೂ ನೆಲಕ್ಕೂ ನಡುವೆ ಕೆಂಪು ರಟ್ಟಿನ ಅಂಚು. ಹನ್ನೊಂದು ವರ್ಷವಾದರೂ ಇನ್ನೂ ಅಲ್ಲೇ ಇತ್ತು, ಅವಳು ಅಪ್ಪನಿಗೆಂದು ಬರೆದ ಪುಸ್ತಕ.

*

ಕಲಿಸುವಾಗ ಅಪ್ಪನಿಗೆ ಬರುತ್ತಿದ್ದುದು ಒಂದೇ ಮಾತು. ಟೇಬಲ್ಲಿನ ಮೂಲೆಯಲ್ಲಿ ಬಾಲ್ ಬೀಳುವ ಪಾಕೆಟ್ಟಿನಿಂದ ಎರಡು ಗೇಣು ದೂರದಲ್ಲಿ ಕೆಂಪು ಬಾಲ್ ಇಡುತ್ತಿದ್ದ. ಇಟ್ಟು ಇಟ್ಟು ಅಲ್ಲಿ ಹಸಿರು ಬಟ್ಟೆ ಬಿಳಿಚಿಕೊಂಡು ಒಂದು ಚುಕ್ಕೆಯಾಗಿತ್ತು. ಮಗಳು ಹಲಗೆಯ ಮೇಲೆ ನಿಂತು, ತನಗಿಂತ ಉದ್ದದ ಕೋಲು ಹಿಡಿದು ಕೇಳುತ್ತಿದ್ದಳು:

"ಅಪ್ಪಾ, ಎಲ್ಲಿ ನೋಡಿ ಹೊಡೀಲಿ?"

ಅಪ್ಪ ತುಂಬ ಹೊತ್ತು ಯೋಚಿಸುತ್ತಿದ್ದ. ಉತ್ತರ ಅಲ್ಲೆಲ್ಲೋ ಇರಬೇಕು ಎನ್ನುವಂತೆ ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದ. "ಹೊಡಿ. ಗೊತ್ತಾಗುತ್ತೆ."

ಅವಳು ಹೊಡೆದರೆ ಬಾಲ್ ಎಲ್ಲೋ ಹೋಗುತ್ತಿತ್ತು. ಅಪ್ಪ ಅದನ್ನು ತಂದು ಮತ್ತೆ ಅದೇ ಚುಕ್ಕೆಯ ಮೇಲೆ ಇಡುತ್ತಿದ್ದ. "ಇನ್ನೊಂದ್ಸಲ."

ಬೀದಿಯವರು ಬೆನ್ನ ಹಿಂದೆ ಅವನನ್ನು ಕರೆಯುತ್ತಿದ್ದುದೂ ಹಾಗೆಯೇ, ಇನ್ನೊಂದ್ಸಲ. ಕ್ಷೌರಿಕನಿಗೆ ಆ ಗುರಿ ಮೂರು ತಿಂಗಳಲ್ಲಿ ಬಂತು, ಡ್ರೈವರ್‌ಗೆ ವರ್ಷ ಹಿಡಿಯಿತು. ಹೇಗೆ ಬಂತೆಂದು ಕೇಳಿದರೆ ಅವರೂ ತಮ್ಮ ಕೈ ನೋಡಿಕೊಳ್ಳುತ್ತಿದ್ದರು.

ಅವಳಿಗೆ ಬರಲೇ ಇಲ್ಲ. ಹೇಗೆ, ಯಾಕೆ ಎಂದು ಗೊತ್ತಾಗದೆ ಅವಳ ಕೈ ಏಳುತ್ತಿರಲಿಲ್ಲ. ದೊಡ್ಡವಳಾಗಿ ಬೇರೆ ಕಡೆ ಇದ್ದಳು, ಹಗಲು ಪ್ರೆಸ್ಸಿನಲ್ಲಿ ಕೆಲಸ, ಸಂಜೆ ನಕ್ಷೆ ಬರೆಯುವ ತರಗತಿ. ಅಲ್ಲಿ ಒಂದು ಸಂಜೆ ಮೇಷ್ಟ್ರು ಕರಿಹಲಗೆಯ ಮೇಲೆ ಒಂದಕ್ಕೊಂದು ತಾಗಿದ ಎರಡು ವೃತ್ತ ಬರೆದು, ನಡುಬಿಂದುಗಳನ್ನು ಗೆರೆಯಿಂದ ಸೇರಿಸಿದರು. ಅವಳು ಬೆಂಚಿನಿಂದ ಎದ್ದೇಬಿಟ್ಟಳು. ಇಷ್ಟೇನಾ! ಪಾಕೆಟ್ಟಿನ ನೇರಕ್ಕೆ, ಕೆಂಪು ಬಾಲಿನ ಬೆನ್ನಿಗೆ ತಾಗಿದಂತೆ, ಅಲ್ಲಿ ಇಲ್ಲದ ಒಂದು ಬಾಲನ್ನು ಊಹಿಸಿಕೊಳ್ಳಬೇಕು. ಕೋಲಿನಿಂದ ಹೊಡೆಯುವ ಬಿಳಿ ಬಾಲನ್ನು ಅದರ ಜಾಗಕ್ಕೆ ಕಳಿಸಿದರೆ ಸಾಕು.

ಮೂವತ್ತೆರಡು ಪುಟ ನಕ್ಷೆ ಬರೆದಳು. ಅಳಿಸಿ ಬರೆದದ್ದು ಅದರ ಎರಡರಷ್ಟು. ಪ್ರೆಸ್ಸಿನಲ್ಲಿ ಕೆಂಪು ರಟ್ಟು ಹಾಕಿಸಿದಳು. ಅಪ್ಪ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡ. "ಎಲ್ಲಾ ನೀನೇ ಬರೆದದ್ದಾ?" ಎಂದ. ಅಷ್ಟೇ.

ಮುಂದಿನ ಭಾನುವಾರ ಬಂದಾಗ ಪುಸ್ತಕ ಟೇಬಲ್ಲಿನ ಕಾಲಡಿಯಲ್ಲಿತ್ತು.

ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಪ್ರತಿ ವಾರ ಬಂದಳು, ಅಡುಗೆ ಮಾಡಿಟ್ಟಳು, ಕೊನೆಗೆ ಮಾತ್ರೆ ಎಣಿಸಿ ಕೊಟ್ಟಳು. ಕೋಲನ್ನು ಮಾತ್ರ ಮುಟ್ಟಲಿಲ್ಲ. ಅವನಿಗೆ ತಾನು ಪಾಠ ಹೇಳಲು ಹೋದದ್ದೇ ಅಧಿಕಪ್ರಸಂಗವಾಯಿತೇನೋ, ಐದನೇ ಪುಟದ ಗೆರೆ ಸ್ವಲ್ಪ ದಪ್ಪವಾಗಿತ್ತೇನೋ ಎಂದು ಬಸ್ಸಿನಲ್ಲಿ ವಾಪಸು ಹೋಗುವಾಗಲೆಲ್ಲ ಕೊರಗುತ್ತಿದ್ದಳು.

*

ಮಣ್ಣು ಮಾಡಿ ಬಂದ ಮೇಲೆ ಉಳಿದವರು ಅಂಗಡಿಯಲ್ಲಿ ಕೂತರು. ಅತ್ತೆ ಟೀ ಕೊಟ್ಟಳು. ಎಲ್ಲರೂ ಲೋಟವನ್ನು ತೊಡೆಯ ಮೇಲೇ ಇಟ್ಟುಕೊಂಡರು.

ಮಗಳು ಡ್ರೈವರ್ ಹತ್ತಿರ ಹೋದಳು. "ಅಣ್ಣ, ನಿಮ್ಮ ಹತ್ರ ಜಾಕ್ ಇದೆಯಾ? ಈ ಕಾಲು ಸ್ವಲ್ಪ ಎತ್ತಬೇಕಿತ್ತು."

"ಇವತ್ತು ಸೋಮವಾರ ಅಲ್ವಲ್ಲ?" ಎಂದುಬಿಟ್ಟ ಕ್ಷೌರಿಕ.

ಡ್ರೈವರ್ ಅವನನ್ನು ಮೊಣಕೈಯಿಂದ ತಿವಿದ. ತಡವಾಗಿತ್ತು.

"ಸೋಮವಾರ ಏನು?"

"ಏನಿಲ್ಲ ತಂಗಿ, ರಜಾ ದಿನ ಅಲ್ವಾ... ಯಜಮಾನ್ರು ಯಾರಿಗೂ ಹೇಳ್ಬೇಡಿ ಅಂದಿದ್ರು."

"ಇನ್ನು ಯಾರಿಗೆ ಹೆದರ್ತೀಯೋ? ಬೊಗಳು," ಎಂದಳು ಅತ್ತೆ.

ಕ್ಷೌರಿಕ ಲೋಟವನ್ನು ನೆಲಕ್ಕಿಟ್ಟ. "ಪುಸ್ತಕ ಅಲ್ಲಿ ತುರುಕಿದ್ದು ನಾನು. ಅವತ್ತು ಪಂದ್ಯ ಇತ್ತು, ಕಾಲಡಿ ಇದ್ದ ಮರದ ತುಂಡು ಸೀಳಿಹೋಯ್ತು. ಗಲ್ಲಾ ಮೇಲೆ ದಪ್ಪಗೆ ಏನೋ ಕಾಣಿಸ್ತು, ಇಟ್ಟೆ. ಯಜಮಾನ್ರು ಬಂದು ನೋಡಿ ನನ್ನ ಹೊಡೆಯೋದೊಂದು ಬಾಕಿ. ಆದ್ರೆ ಟೇಬಲ್ ಸಮ ಇದೆಯಾ ಅಂತ ರಸಮಟ್ಟ ಇಟ್ಟು ನೋಡ್ತಾರೆ, ಅದರೊಳಗಿನ ಗುಳ್ಳೆ ನೆಟ್ಟಗೆ ಮಧ್ಯೆ ನಿಂತಿದೆ! ಅಷ್ಟು ಸಮ ಆ ಟೇಬಲ್ ಹುಟ್ಟಿದಾಗ್ಲೂ ಇರ್ಲಿಲ್ಲ. ತೆಗೆಯೋಕೂ ಮನಸ್ಸಿಲ್ಲ, ಬಿಡೋಕೂ ಮನಸ್ಸಿಲ್ಲ ಅವರಿಗೆ."

"ಅದಕ್ಕೇ ಪ್ರತಿ ಸೋಮವಾರ ನನ್ನ ಜಾಕ್," ಎಂದ ಡ್ರೈವರ್. "ಎತ್ತೋದು, ತೆಗೆಯೋದು, ಒಂದು ಪುಟ ಓದೋದು, ಕಾಲಡಿಗೆ ಬೇರೆ ಮರದ ತುಂಡು ಕೊಟ್ಟು ಹೊಡೆದು ನೋಡೋದು, ವಾಪಸ್ ಇಡೋದು. ಹನ್ನೊಂದು ವರ್ಷ. ನನ್ನ ಸೊಂಟ ಹೋಗಿದ್ದು ಬಸ್ಸಿಂದಲ್ಲ, ನಿನ್ನ ಪುಸ್ತಕದಿಂದ."

"ಹೊಡೆದ್ರೆ ಬೀಳ್ತಿತ್ತಾ?"

"ಎಲ್ಲಿ! ನಮ್ಮ ಹತ್ರ ಹರಟೆ ಹೊಡೀತಾ, ಆ ಕಡೆ ನೋಡ್ಕೊಂಡು ಹೊಡೆದ್ರೂ ಹಾಕೋ ಮನುಷ್ಯ. ಪುಸ್ತಕ ನೋಡಿ ಹೊಡೆದ ದಿನ ಒಂದೂ ಬೀಳ್ತಿರ್ಲಿಲ್ಲ. ಮಗಳು ಬರೆದಿದ್ದು ಸರಿಯಾಗೇ ಇದೆ, ನನ್ನ ತಲೆಗೇ ಹತ್ತುತ್ತಿಲ್ಲ ಅನ್ನೋರು."

"ನಂಗೆ ಒಂದು ಮಾತು ಹೇಳಬಹುದಿತ್ತಲ್ಲ."

ಕ್ಷೌರಿಕ ತಲೆ ಕೆರೆದುಕೊಂಡ. "ನೀನು ಕೋಲು ಮುಟ್ಟೋದು ಬಿಟ್ಟೆ. ಅಪ್ಪನಿಗೆ ಪಾಠ ಬರ್ಲಿಲ್ಲ ಅಂತ ಬೇಜಾರಾಗಿದಾಳೆ ಅಂದ್ಕೊಂಡಿದ್ರು. ಪೂರ್ತಿ ಕಲಿತ ಮೇಲೆ ಹೇಳ್ತೀನಿ ಅಂತಿದ್ರು."

ಜಾಕ್ ಬಂತು. ಟೇಬಲ್ ಕಿರುಗುಟ್ಟಿ ಬೆರಳಿನಷ್ಟು ಮೇಲೆದ್ದಿತು. ಪುಸ್ತಕದ ಮೈಮೇಲೆ ಕಾಲಿನ ಗುರುತು ಬಟ್ಟಲಿನ ಹಾಗೆ ಕುಳಿಬಿದ್ದಿತ್ತು. ಅವಳು ಬಿಡಿಸಿದಳು. ಮೊದಲ ಪುಟದ ಅಂಚಿನಲ್ಲಿ ಕೋಲಿನ ತುದಿಗೆ ಉಜ್ಜುವ ಚಾಕ್ ಮೆತ್ತಿದ ನೀಲಿ ಹೆಬ್ಬೆರಳಿನ ಗುರುತು. ಎರಡನೆಯದರಲ್ಲೂ ಇತ್ತು, ಮೂರನೆಯದರಲ್ಲಿ ನಾಲ್ಕೈದು. ಒಂಬತ್ತನೆಯ ಪುಟದಲ್ಲಿ ನೀಲಿ ಹೆಬ್ಬೆರಳುಗಳ ನಡುವೆ ಅವಳ ನಕ್ಷೆಯೇ ಕಾಣುತ್ತಿರಲಿಲ್ಲ. ಹತ್ತನೆಯ ಪುಟ ಬರೆದ ದಿನದಷ್ಟೇ ಬೆಳ್ಳಗಿತ್ತು.

ಅವಳು ಅದನ್ನು ಮುಚ್ಚಿ, ಮೊಣಕಾಲೂರಿ, ಕುಳಿಗೆ ಕಾಲು ಕೂರುವ ಹಾಗೆ ತಾನೇ ವಾಪಸು ಇಟ್ಟಳು. ಡ್ರೈವರ್ ಜಾಕ್ ಇಳಿಸಿದ. ಕ್ಷೌರಿಕ ಕೇಳದೆಯೇ ಹೊದಿಕೆ ಸರಿಸಿ ರಸಮಟ್ಟ ಇಟ್ಟ. ಗುಳ್ಳೆ ಅತ್ತಿತ್ತ ಓಲಾಡಿ ಮಧ್ಯಕ್ಕೆ ಬಂದು ನಿಂತಿತು.

ಗೋಡೆಯಿಂದ ಅವಳು ಅಪ್ಪನ ಕೋಲು ತೆಗೆದುಕೊಂಡಳು. ಬಿಳಿಚಿದ ಚುಕ್ಕೆಯ ಮೇಲೆ ಕೆಂಪು ಬಾಲ್ ಇಟ್ಟು ಬಗ್ಗಿದಳು. ಇಲ್ಲದ ಬಾಲ್ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು, ಸುತ್ತಳತೆ, ನಡುಬಿಂದು, ಎಲ್ಲ. ಹೊಡೆದಳು.

ಕೆಂಪು ಬಾಲ್ ಪಾಕೆಟ್ಟಿನ ತುಟಿಗೆ ಬಡಿದು ಟೇಬಲ್ಲಿನ ನಡುವಿಗೆ ಉರುಳಿ ಬಂತು.

ಅವಳು ಬಗ್ಗಿದ್ದಲ್ಲೇ ಇದ್ದಳು. ಆಗ ನಾಲ್ಕೂ ಕಡೆಯಿಂದ, ಒಬ್ಬರನ್ನೊಬ್ಬರು ನೋಡದೆ, ನಾಲ್ಕು ಕೈಗಳು ಆ ಬಾಲನ್ನು ಮತ್ತೆ ಚುಕ್ಕೆಯ ಮೇಲಿಡಲು ಒಟ್ಟಿಗೆ ಚಾಚಿಕೊಂಡವು. ಡ್ರೈವರಿನದು, ಕ್ಷೌರಿಕನದು, ಬಲ್ಬ್ ಅಂಗಡಿಯವನದು, ಮತ್ತೆ ಕೋಲು ಮುಟ್ಟಿದ್ದನ್ನು ಯಾರೂ ಎಂದೂ ನೋಡಿರದ ಅತ್ತೆಯದು, ಟೀ ಲೋಟ ತೊಳೆದು ಇನ್ನೂ ಒದ್ದೆಯಾಗಿದ್ದ ಕೈ.