ಹಸಿ ಕಸದ ಗುಡ್ಡೆಯಲ್ಲಿ ಶಿವಬಸವ್ವನ ಲಿಂಗ

ನನ್ನ ಹೆಂಡತಿ ಶಿವಬಸವ್ವ ಗುರುವಾರ ಬೆಳಗಿನ ಜಾವ ಹೋದಳು. ಎಂಟು ತಿಂಗಳು ಹಾಸಿಗೆ ಹಿಡಿದಿದ್ದಳು. ಅಳು ಬರಬಹುದು ಎಂದು ಕಾದೆ, ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೇಳುವುದು ಬೇಡ.

ಹೆಣಕ್ಕೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದರು. ಮಠದ ಅಯ್ಯನವರು ಬಂದರು. ಅವಳ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿದು, "ಲಿಂಗ ಕೊಡ್ರಿ" ಎಂದರು.

ನನ್ನ ಸೊಸೆ ಸುಧಾರಾಣಿ ನನ್ನ ಮುಖ ನೋಡಿದಳು. ನಾನು ದೇವರ ಜಗುಲಿ ನೋಡಿದೆ. ಜಗುಲಿ ಖಾಲಿ ಇತ್ತು.

ತಪ್ಪು ನನ್ನದು. ಸೋಮವಾರ ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡುವಾಗ ಕೊರಳಲ್ಲಿ ಏನೂ ಇರಬಾರದು ಎಂದು ಅವಳ ಲಿಂಗ ಬಿಚ್ಚಿಸಿದ್ದರು. ಅದನ್ನು ಒಂದು ಬಿಳಿ ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ ಜೇಬಿಗೆ ಹಾಕಿಕೊಂಡೆ. ಮಂಗಳವಾರ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು, ಬಂದೆವು. ನಾಳೆ ಕಟ್ಟಿದರಾಯಿತು ಎಂದು ಗಂಟನ್ನು ಜಗುಲಿಯ ಮೇಲೆ ಇಟ್ಟೆ, ಯಾರಿಗೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಪೂಜೆಯ ಬಾಡಿದ ಹೂವು, ಪತ್ರಿ ಎಲ್ಲವನ್ನೂ ಅಂಥದ್ದೇ ಬಿಳಿ ಬಟ್ಟೆಯ ತುಂಡಿನಲ್ಲಿ ಕಟ್ಟಿ ಅಲ್ಲೇ ಇಡುತ್ತೇವೆ, ಕಾಲಿಗೆ ತಾಗಬಾರದು ಅಂತ. ಮೊದಲು ಅದು ಬಾವಿಗೆ ಹೋಗುತ್ತಿತ್ತು. ಬಾವಿ ಮುಚ್ಚಿದ ಮೇಲೆ ಹಸಿ ಕಸದ ಬಕೀಟಿಗೆ ಹೋಗುತ್ತದೆ. ಕಟ್ಟಿದ ಗಂಟನ್ನು ಯಾರೂ ಬಿಚ್ಚಿ ನೋಡುವುದಿಲ್ಲ, ನೋಡಬಾರದು. ಬುಧವಾರ ಬೆಳಗ್ಗೆ ಸುಧಾರಾಣಿ ಎರಡು ಗಂಟು ಎತ್ತಿ ಹಸಿರು ಬಕೀಟಿಗೆ ಹಾಕಿದಳು. ಅವಳು ಮಾಡಬೇಕಾದ್ದನ್ನೇ ಮಾಡಿದ್ದಾಳೆ.

ಅಯ್ಯನವರು, "ಇರ್ಲಿ ಬಿಡ್ರಿ, ಮಠದಾಗ ಹೊಸಾದು ಐತಿ. ತರಸ್ತೇನಿ. ನಾಕಕ್ಕ ಎತ್ತೂದು" ಎಂದರು.

ನನ್ನ ಮಗ ಮಾಲತೇಶ ಹೂಂ ಎಂದ. ನನಗೆ ಆಗಲಿಲ್ಲ. ಎಂಟನೇ ವಯಸ್ಸಿಗೆ ಅಬಲೂರಿನ ತವರುಮನೆಯಲ್ಲಿ ಕಟ್ಟಿದ ಲಿಂಗ ಅದು. ಅರವತ್ತನಾಲ್ಕು ವರ್ಷ ಅದನ್ನು ಪೂಜೆ ಮಾಡದೆ ಅವಳು ಒಂದು ತುತ್ತು ಉಂಡವಳಲ್ಲ. ಕೊನೆಗೆ ಮಾತು ಹೋದ ಮೇಲೂ ಎದೆಯ ಮೇಲೆ ಅದನ್ನೇ ಹಿಡಿದುಕೊಳ್ಳುತ್ತಿದ್ದಳು. ಬೇರೆ ಯಾರದೋ ಅಂಗಡಿಯ ಕಲ್ಲನ್ನು ಹಿಡಿಸಿ ಅವಳನ್ನು ಮಣ್ಣಿಗೆ ಕಳಿಸುವುದೆಂದರೆ ಸರಿ ಕಾಣಲಿಲ್ಲ.

ಅಷ್ಟರಲ್ಲಿ ಓಣಿಯಲ್ಲಿ ಕಸದ ಗಾಡಿಯ ಹಾಡು ಕೇಳಿಸಿತು. ನಮ್ಮ ಮನೆಯ ಮುಂದೆ ಸಾವಿನ ಜನ ನೋಡಿ ಹಾಡು ನಿಲ್ಲಿಸಿದರು. ಹೊರಗೆ ಹೋದೆ. ಗಾಡಿಯ ಹಿಂದೆ ನಿಂತಿದ್ದವಳು ಶೇಖವ್ವ, ನಮ್ಮ ಓಣಿಯ ಕಸ ಒಯ್ಯುವವಳು. ವಿಷಯ ಹೇಳಿದೆ.

"ನಿನ್ನೀದಾ? ಇನ್ನ ಗೊಬ್ಬರದ ತಗ್ಗಿಗೆ ಹಾಕಿಲ್ರಿ ಅಜ್ಜಾರ. ಕಟ್ಟಿ ಮ್ಯಾಲ ಐತಿ. ಬರ್ರಿ, ಮುಂದ ಕುಂದರ್ರಿ" ಎಂದಳು.

ಹಾನಗಲ್ಲಿನ ದೊಡ್ಡ ಅಕ್ಕಿ ಗಿರಣಿಯ ಮಾಲೀಕ ನಾನು, ಕಸದ ಗಾಡಿಯಲ್ಲಿ ಡ್ರೈವರನ ಪಕ್ಕ ಕುಳಿತು ಊರ ಹೊರಗೆ ಹೋದೆ. ಯಾರು ನೋಡಿದರೋ ಗೊತ್ತಿಲ್ಲ.

ಅಲ್ಲಿ ತಗಡಿನ ಚಪ್ಪರ, ಕೆಳಗೆ ಸಿಮೆಂಟಿನ ಕಟ್ಟೆ. ಅದರ ಮೇಲೆ ಆಳೆತ್ತರದ ಹಸಿ ಕಸ. ಆಚೆ ಒಣ ಕಸದ ಚೀಲಗಳು, ಅದರಾಚೆ ಯಾವುದಕ್ಕೂ ಬಾರದ್ದು. ಶೇಖವ್ವ ಗುಡ್ಡೆಯ ಸುತ್ತ ಒಂದು ಸುತ್ತು ಬಂದಳು, ಸಂತೆಯಲ್ಲಿ ಕಾಯಿಪಲ್ಲೆ ಆರಿಸುವವಳ ಹಾಗೆ.

"ಇದು ಬಸ್ ಸ್ಟ್ಯಾಂಡ್ ಹಿಂದಿನ ಓಣಿರಿ. ನೋಡ್ರಿ, ಬರೇ ತತ್ತಿ ಸಿಪ್ಪಿ. ಇದು ಮಾಸ್ತರ್ ಮನಿದು, ಚಾಪುಡಿನೂ ಹಿಂಡಿ ಹಾಕ್ತಾರ. ನಿಮ್ಮ ಓಣಿ ಇಲ್ಲಿಂದ ಚಾಲೂ."

"ನಮ್ಮ ಮನೀದು ಹೆಂಗ ಗುರ್ತು ಹಿಡೀತಿ?"

ಅವಳು ಸಲಿಕೆ ಊರಿ ನಿಂತಳು. "ಸಿಟ್ಟಿಗೇಳಬ್ಯಾಡ್ರಿ. ನಿಮ್ಮನಿದು ಕಣ್ ಮುಚ್ಚಿ ಹೇಳ್ತೇನಿ. ಪೇಪರಿನ್ಯಾಗ ಸುತ್ತಿ ಸುತ್ತಿ ಇಡ್ತೀರಲ್ಲ, ಅವ್ವಾರ ಡೈಪರು. ಕೆಂಪು ಡಬ್ಬ್ಯಾಗ ಹಾಕ್ರಿ ಅಂತ ಎಷ್ಟ್ ಸಲ ಹೇಳೇನಿ."

ಹೇಳಿದ್ದಳು. ನಾನೇ ಬೇಡ ಎಂದಿದ್ದೆ. ಕೆಂಪು ಡಬ್ಬಿ ಬಾಗಿಲಲ್ಲಿ ಇಟ್ಟರೆ ಓಣಿಗೆಲ್ಲ ಗೊತ್ತಾಗುತ್ತದೆ ಎಂದು, ಪತ್ರಿಕೆಯಲ್ಲಿ ಸುತ್ತಿ, ಸಿಪ್ಪೆಯ ಕೆಳಗೆ ಮುಚ್ಚಿ ಹಾಕಿಸುತ್ತಿದ್ದೆ. ಎಂಟು ತಿಂಗಳು ಈ ಹೆಂಗಸು ಅವನ್ನು ಕೈಯಿಂದ ಆರಿಸಿ ತೆಗೆದಿದ್ದಾಳೆ. ಒಂದು ದಿನವೂ ಅದು ತಲೆಗೆ ಬಂದಿರಲಿಲ್ಲ.

"ಈ ಸುತ್ತಿದ್ದೂ ಬಿಚ್ಚಿ ನೋಡಬೇಕ್ರಿ. ಗಂಟು ಅದರಾಗ ಸಿಕ್ಕೊಂಡಿರತೈತಿ" ಎಂದಳು.

ಮೊದಲನೆಯದನ್ನು ನಾನು ಬಿಚ್ಚಿದೆ. ಎರಡನೆಯದನ್ನು ಅರ್ಧಕ್ಕೇ ಬಿಟ್ಟು, ಮುಖ ತಿರುಗಿಸಿ ಚಪ್ಪರದ ಕಂಬ ಹಿಡಿದೆ.

"ನೀವು ಕುಂದರ್ರಿ. ನಿಮ್ಮಂಥಾರು ವಾಂತಿ ಮಾಡ್ಕೊಂಡ್ರ ಅದನ್ನೂ ನಾನ ಬಳೀಬೇಕು" ಎಂದಳು.

ಕುಳಿತೆ. ಅವಳು ಬಿಚ್ಚುತ್ತಾ ಹೋದಳು. ಒಂದು ಕೈಗವಸು ಹರಿದು ಎರಡು ಬೆರಳು ಹೊರಗಿದ್ದವು. ಮಧ್ಯಾಹ್ನ ಆಯಿತು. ಮಾಲತೇಶನ ಫೋನು ಬಂತು.

"ಅಪ್ಪಾ, ಮಂದಿ ಎಲ್ಲಾ ಕೂಡ್ಯಾರ. ಸವಣೂರಿಂದನೂ ಬಂದ್ರು. ಎಲ್ಲಿದ್ದೀರಿ?"

"ಬರ್ತೇನಿ."

"ಹೊಸಾ ಲಿಂಗ ಬಂದೈತಿ. ಸಾಕ್ ಮಾಡ್ರಿ ಇನ್ನ."

"ಬರ್ತೇನಿ ಅಂದ್ನಲ್ಲ."

ಎರಡು ಗಂಟೆಯ ಹೊತ್ತಿಗೆ ಒಂದು ಬಿಳಿ ಗಂಟು ಸಿಕ್ಕಿತು. ಬಿಚ್ಚಿದರೆ ಕೊಳೆತ ಸೇವಂತಿಗೆ. ಇನ್ನೊಂದು ಸಿಕ್ಕಿತು, ಅದು ಕಪ್ಪಾಗಿತ್ತು. ಬಟ್ಟೆ ನೀರು ಕುಡಿದು ಗಂಟು ಬಿಗಿದುಕೊಂಡಿತ್ತು. ನನ್ನ ಬೆರಳಿಗೆ ಬಗ್ಗಲಿಲ್ಲ.

"ಕೊಡ್ರಿ ಇಲ್ಲೆ" ಎಂದು ಕಸಿದುಕೊಂಡು, ಕೈಗವಸು ತೆಗೆದು, ಉಗುರಿನಿಂದ ಬಿಡಿಸಿದಳು. ಲಿಂಗ ಅವಳ ಅಂಗೈಗೆ ಬಿತ್ತು.

ಇಬ್ಬರೂ ಅದನ್ನೇ ನೋಡಿದೆವು. ಅವಳ ಕೇರಿಯವರ ಕೈ ನಮ್ಮ ಜಗುಲಿಗೆ ತಾಗಬಾರದು ಎಂದು ಬೆಳೆದವನು ನಾನು. ಬಸವ ಜಯಂತಿಯ ದಿನ ಮೈಕ್ ಹಿಡಿದು ಜಾತಿಯಿಲ್ಲ ಎಂದವನೂ ನಾನೇ. ಆ ಹೊತ್ತಿಗೆ ಎರಡೂ ನೆನಪಾದವು. ಆದರೆ ಏನೂ ಅನ್ನಿಸಲಿಲ್ಲ. ಸಿಕ್ಕಿತಲ್ಲ ಎಂದಷ್ಟೇ.

"ಕೈಗೇ ಬಿದ್ದುಬಿಡ್ತಲ್ರಿ" ಎಂದಳು. ಸೆರಗಿನಿಂದ ಒರೆಸಲು ಹೋಗಿ ತಡೆದಳು. "ಹಿಡೀರಿ. ಅಯ್ಯನವರು ಕೇಳಿದ್ರ ನಿಮಗ ಸಿಕ್ತು ಅನ್ರಿ."

"ಯಾಕ?"

"ಯಾಕ ಅಂತ ನಾ ಹೇಳ್ಬೇಕನ್ರಿ? ನನ್ನ ಹೆಸರ ಬಂದ್ರ ಅವರು ಹೊಸಾದ ಇಡ್ತಾರ. ಮತ್ತ ನಾವಿಬ್ರೂ ಇಷ್ಟೊತ್ತು ಹೇಲು ಕೆದರಿದ್ದು ಎದಕ್ಕ?"

ನಳದ ನೀರಿನಲ್ಲಿ ತೊಳೆದು ಜೇಬಿಗೆ ಹಾಕಿಕೊಂಡೆ.

ಮನೆಗೆ ಬಂದಾಗ ಮೂರೂವರೆ. ಅಯ್ಯನವರು ಹೊಸ ಲಿಂಗವನ್ನು ತಟ್ಟೆಯಲ್ಲಿ ಇಟ್ಟುಕೊಂಡು ಕುಳಿತಿದ್ದರು. ನನ್ನದನ್ನು ನೋಡಿ, ಮೂಗು ಮುಚ್ಚಿಕೊಳ್ಳದೆ ಇರಲು ಕಷ್ಟಪಟ್ಟು ಕೇಳಿದರು.

"ಯಾರ ಕೈಗೆ ಸಿಕ್ತು?"

"ನನಗ."

"ಬ್ಯಾರೆ ಯಾರೂ ಮುಟ್ಟಿಲ್ಲಲ್ಲ?"

"ಇಲ್ಲ."

ತೊಳೆದರು, ವಿಭೂತಿ ಹಚ್ಚಿದರು, ಮಂತ್ರ ಹೇಳಿ ಶಿವಬಸವ್ವನ ಎಡ ಅಂಗೈಯಲ್ಲಿ ಇಟ್ಟರು. ಬೆರಳುಗಳು ಸೆಟೆದಿದ್ದವು, ಮಾಲತೇಶ ಮಡಚಿ ಹಿಡಿದ. ನಾಲ್ಕಕ್ಕೆ ಎತ್ತಿದೆವು. ಹೊಲದಲ್ಲಿ ಅವಳನ್ನು ಕೂರಿಸಿ, ಉಪ್ಪು ಸುರಿದು ಮಣ್ಣು ಎಳೆದರು. ನಾನೂ ಮೂರು ಹಿಡಿ ಹಾಕಿದೆ. ಅವಳದ್ದು ಅವಳ ಜೊತೆ ಹೋಯಿತು. ಅದಕ್ಕೆ ಸಮಾಧಾನ ಆಗಬೇಕಿತ್ತು. ಬಿಸಿಲು ಜಾಸ್ತಿ ಇದೆ ಎಂದು ಮಾತ್ರ ಅನ್ನಿಸಿತು.

ಐದನೇ ದಿನ ಪಡಸಾಲೆಯಲ್ಲಿ ನೆಂಟರು ಕುಳಿತಿದ್ದರು. ಸವಣೂರಿನಿಂದ ಬಂದ ನನ್ನ ತಂಗಿ ಜಯಾ ಎಲ್ಲರಿಗೂ ಹೇಳುತ್ತಿದ್ದಳು. "ನಮ್ಮ ಅಣ್ಣ ಒಬ್ಬನೇ ಕಸದ ಗುಡ್ಡಿ ಹೊಕ್ಕು ಲಿಂಗ ಹುಡಿಕ್ಯಂಡ ಬಂದಾನ. ಎಪ್ಪತ್ತೆಂಟ ವರ್ಷ ಅವಗ. ಇಂಥಾ ಗಂಡನ್ನ ಯಾರು ನೋಡೀರಿ?" ಹಿರೇಕೆರೂರಿನವರು ತಲೆ ಆಡಿಸಿದರು. ಒಬ್ಬಾಕೆ ಕಣ್ಣು ಒರೆಸಿಕೊಂಡಳು.

ಆಗ ಬಾಗಿಲಲ್ಲಿ ಗಾಡಿ ನಿಂತಿತ್ತು. ಶೇಖವ್ವ ಬಕೀಟು ತೆಗೆದುಕೊಳ್ಳಲು ಮೆಟ್ಟಿಲ ತನಕ ಬಂದಿದ್ದಳು. ಎಲ್ಲ ಕೇಳಿಸಿರಬೇಕು. ಜಯಾ ಅವಳನ್ನು ನೋಡಿ, "ನೀ ಅಲ್ಲೇ ಇದ್ದೆಲ್ಲಾ? ಹೇಳ್ ಇವರಿಗೆ" ಎಂದಳು.

ಶೇಖವ್ವ ನನ್ನ ಕಡೆ ನೋಡಿದಳು. ಆ ಹೊತ್ತಿನಲ್ಲಿ ನಾನು ಬಾಯಿ ತೆರೆಯಬಹುದಿತ್ತು. ಲಿಂಗ ಮಣ್ಣಿನ ಒಳಗಿತ್ತು, ಅಗೆದು ತೆಗೆಯುವವರು ಯಾರೂ ಇರಲಿಲ್ಲ. ಹೇಳಿದ್ದರೆ ಏನೂ ಕೆಡುತ್ತಿರಲಿಲ್ಲ.

"ಹೌದ್ರಿ" ಎಂದಳು. "ಅಜ್ಜಾರು ಭಾಳ ಹುಡಿಕಿದ್ರು. ನಾ ಬರೇ ದಾರಿ ತೋರ್ಸಿದ್ನಿ."

ಬಕೀಟು ಬಗ್ಗಿಸಿ, ಕೈಯಿಂದ ಒಮ್ಮೆ ತಟ್ಟಿ, ಮೆಟ್ಟಿಲ ಮೇಲೆ ಬೋರಲು ಹಾಕಿ ಹೋದಳು. ಗಾಡಿ ಮುಂದಿನ ಮನೆಗೆ ಸರಿಯಿತು. ಸುಧಾರಾಣಿ ನನ್ನ ಕೈಗೆ ಚಹಾ ಕೊಟ್ಟಳು. ಕುಡಿದೆ.